ಮೂತ್ರಪಿಂಡದ ಮೇಲೆ ಹಲ್ಲು ಇಡುವುದನ್ನು ನಿಷೇಧಿಸುವ ಬಗ್ಗೆ

ಚೀಟಿ ಮತ್ತು ಮೊಹರು ಶಾಖೆ, ಜಿಲ್ಲಾ ಆಸ್ಪತ್ರೆ, ಕಫ್ರ್ ನಖ್ಲಾ, ಈಜಿಪ್ಟ್
ಸುತ್ತೋಲೆ ಸಂಖ್ಯೆ: ಚೀಮೊ/ಹಲ್ಲು/ಮೂಪಿಂ/14-ಬಿ

ಉಲ್ಲೇಖ: (1) ಶ್ರೀಮತಿ ಇನ್ಸಾಫ್ ಅಬ್ದುಲ್ ಮೌಜೂದ್ ಅವರ ವಸಡು. (2) ಸದರಿಯವರ ಮೂತ್ರಪಿಂಡ. ಇವೆರಡೂ ಪ್ರತ್ಯೇಕ ಕಡತಗಳು.

1. ನಮ್ಮ ಅರಬ್ಬಿ ಬರಹದಲ್ಲಿ ಮೂತ್ರಪಿಂಡಕ್ಕೂ ಕಾಲೇಜಿಗೂ ಅಕ್ಷರಗಳು ಒಂದೇ. ಮೇಲೆ ಹಲ್ಲಿನಾಕಾರದ ಒತ್ತಿನ ಗುರುತು ಇಟ್ಟರೆ ಕಾಲೇಜು, ಬಿಟ್ಟರೆ ಮೂತ್ರಪಿಂಡ. ಗುಮಾಸ್ತ ಶಿಹಾತಾ ಅವರು ಇನ್ಸಾಫರನ್ನು ಮೂತ್ರಪಿಂಡ ವಿಭಾಗಕ್ಕೆ ಕಳುಹಿಸುವ ಚೀಟಿಯಲ್ಲಿ ಮೂತ್ರಪಿಂಡದ ಮೇಲೆ ಹಲ್ಲು ಇಟ್ಟ ಕಾರಣ, ರೋಗಿಯು ಎದುರಿನ ದಂತ ಕಾಲೇಜನ್ನು ತಲುಪಿರುತ್ತಾರೆ.

2. ವಸಡಿನಲ್ಲಿ ಕೀವಿರುವ ತನಕ ತಂಗಿ ಬಹಿಯ್ಯಾ ಕೊಡಲಿರುವ ಮೂತ್ರಪಿಂಡವನ್ನು ಕಸಿ ಮಾಡಲಾಗದೆಂದು ಶಸ್ತ್ರವೈದ್ಯರು ಇನ್ಸಾಫರನ್ನು ಮೂರು ಬಾರಿ ಹಿಂದಕ್ಕೆ ಕಳುಹಿಸಿದ್ದರು. ಬಾಯಿ ತನ್ನದಲ್ಲವೆಂದು ಮೂತ್ರಪಿಂಡ ವಿಭಾಗವೂ, ಡಯಾಲಿಸಿಸ್ ರೋಗಿಗಳು ತನ್ನವರಲ್ಲವೆಂದು ದಂತ ವಿಭಾಗವೂ ಲಿಖಿತವಾಗಿ ತಿಳಿಸಿದ್ದವು. ಕಾಲೇಜಿನವರು ಈ ಪತ್ರವ್ಯವಹಾರವೇನೂ ತಿಳಿಯದೆ ಎರಡು ತಿಂಗಳಲ್ಲಿ ವಸಡು ವಾಸಿಮಾಡಿರುತ್ತಾರೆ.

3. ವಿವರಣೆ ಕೇಳಲಾಗಿ ಶಿಹಾತಾ ಅವರು, "ಇಪ್ಪತ್ತು ವರ್ಷ ಆ ಕಾಲೇಜಲ್ಲೇ ಬರೆದ ಕೈ ಸ್ವಾಮಿ, ಹಲ್ಲು ತಾನಾಗೇ ಬಿತ್ತು" ಎಂದಿರುತ್ತಾರೆ. ಬಿದ್ದ ಹಲ್ಲನ್ನು ಕಡತಕ್ಕೆ ಸೇರಿಸಲಾಗಿದೆ.

4. ತಪ್ಪು ಚೀಟಿಯಿಂದಾದ ಗುಣವು ನಿಯಮಬಾಹಿರ. ಆದರೂ ವಸಡನ್ನು ಪೂರ್ವಸ್ಥಿತಿಗೆ ತರುವ ಪ್ರಸ್ತಾವವನ್ನು ತಾಂತ್ರಿಕ ಕಾರಣಗಳಿಗಾಗಿ ಕೈಬಿಡಲಾಗಿದೆ.

5. ಈ ಕುರಿತು ಇನ್ಸಾಫರ ಹೇಳಿಕೆ: "ಎರಡು ವರ್ಷ ಸರಿಯಾದ ಬಾಗಿಲು ತಟ್ಟಿದೆ ಕಣಪ್ಪ, ಒಬ್ರೂ ತೆಗೀಲಿಲ್ಲ. ತಪ್ಪು ಬಾಗಿಲು ತಟ್ಟೋಕ್ ಮುಂಚೆ ತೆರೀತು. ರೊಟ್ಟೀನ ಚಹಾದಲ್ಲಿ ಅದ್ದದೆ ತಿಂತಿದ್ದೀನಿ. ಈಗ ಏನು, ವಸಡು ವಾಪಸ್ ಕೊಡ್ಬೇಕಾ?" ಸದರಿ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಶಾಖೆಗಿಲ್ಲ.

6. ವಸಡಿಗೂ ಮೂತ್ರಪಿಂಡಕ್ಕೂ ಸಂಬಂಧವಿದೆಯೆಂದು ವೈದ್ಯರು ಹೇಳುತ್ತಾರೆ. ಸಂಬಂಧಕ್ಕೆ ಮೊಹರು ಬಿದ್ದಿಲ್ಲ. ಎರಡೂ ಕಡೆಯವರು ತಲಾ ಇಬ್ಬರು ಸಾಕ್ಷಿಗಳೊಂದಿಗೆ ಹಾಜರಾಗತಕ್ಕದ್ದು. ಅಲ್ಲಿಯವರೆಗೆ ರೋಗಿಗಳು ಕೀವು ನುಂಗುವಾಗ ಅದು ಹೊಟ್ಟೆಯಿಂದ ಮುಂದಕ್ಕೆ ಹೋಗದಂತೆ ನೋಡಿಕೊಳ್ಳಬೇಕೆಂದು ಈ ಮೂಲಕ ಸೂಚಿಸಲಾಗಿದೆ.

7. ಇನ್ಸಾಫರ ಶಸ್ತ್ರಚಿಕಿತ್ಸೆ ಭಾನುವಾರ ನಿಗದಿಯಾಗಿದ್ದು, ತಡೆಯಾಜ್ಞೆಯ ಮುದ್ರಿತ ನಮೂನೆಗಳು ಮುಗಿದುಹೋಗಿರುವುದರಿಂದ ಅದನ್ನು ನಡೆಸಬಹುದು.

8. ಇನ್ನು ಮುಂದೆ ಎಲ್ಲ ಚೀಟಿಗಳನ್ನೂ ತಪ್ಪಿಲ್ಲದೆ ಬರೆಯತಕ್ಕದ್ದು.

ಸಹಿ/-
ಫತ್ಹುಲ್ ಬಾಬ್ ಮರ್ಜಾನ್
ಮೊಹರು ಅಧೀಕ್ಷಕರು

ಪ್ರತಿಗಳು:
ಶಿಹಾತಾ ಅವರಿಗೆ, ಎಚ್ಚರಿಕೆಗಾಗಿ.
ಇನ್ಸಾಫರಿಗೆ, ಭಾನುವಾರ ಖಾಲಿ ಹೊಟ್ಟೆಯಲ್ಲಿ ಬರಲು.
ವಸಡಿನಲ್ಲಿ ಕೀವಿಟ್ಟುಕೊಂಡು ಕಸಿಗೆ ಕಾಯುತ್ತಿರುವ ಉಳಿದ ಹದಿನಾಲ್ಕು ಮಂದಿಗೆ: ತಮ್ಮ ಚೀಟಿಗಳನ್ನು ಮತ್ತೊಮ್ಮೆ ಪರಿಶೀಲಿಸಲಾಗಿದ್ದು, ಅವುಗಳಲ್ಲಿ ಯಾವ ತಪ್ಪೂ ಕಂಡುಬಂದಿಲ್ಲವೆಂದು ತಿಳಿಸಲು ವಿಷಾದಿಸಲಾಗಿದೆ.