ಕಾರ್ಟೂನಿನ ಟ್ಯಾಂಕಿಗೆ ಬಣ್ಣ ಬಳಿದವನು

ಸಂತೋಷದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ: ನನ್ನ ಮೊಮ್ಮಗಳು ಇವತ್ತು ನನ್ನನ್ನು ಅಜ್ಜ ಎಂದು ಕರೆದಳು. ಅದರಲ್ಲೇನು ಮಹಾ ಎನ್ನುವವರು ಹದಿನೆಂಟು ದಿನ ಸ್ವಂತ ಮೊಮ್ಮಗಳ ಬಾಯಲ್ಲಿ ಅಂಕಲ್ ಎನ್ನಿಸಿಕೊಂಡು ನೋಡಬೇಕು. ದೋಹಾದಲ್ಲೇ ಹುಟ್ಟಿದ ಆರು ವರ್ಷದ ಶ್ರೇಯಾಳಿಗೆ ಪ್ಯಾಂಟು ಹಾಕಿದ ಗಂಡಸರೆಲ್ಲ ಅಂಕಲ್. ಗ್ಯಾಸ್ ಸಿಲಿಂಡರ್ ತರುವವನೂ ಅಂಕಲ್, ನಾನೂ ಅಂಕಲ್. ಅವನಿಗೆ ನನಗಿಂತ ಮರ್ಯಾದೆ ಜಾಸ್ತಿ; ಅವನು ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ. ಮಗ ಕಳಿಸಿದ ವಿಸಾ ಒಂದು ತಿಂಗಳದ್ದು. ಅಂಕಲ್ ಆಗಿಯೇ ವಿಮಾನ ಹತ್ತಿ ಊರಿಗೆ ಹೋಗಬೇಕೇನೋ ಎಂದು ನನಗೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅವಳೋ ಇಂಗ್ಲಿಷಿನಲ್ಲೇ ಕನಸು ಕಾಣುವವಳು. ಅವಳ ಕನ್ನಡ ಕುಂಟುತ್ತಿತ್ತು. ನನ್ನ ಹತ್ತಿರ ಹೇಳಲು ಅವಳಿಗೆ 'ಬೇಡ' ಎಂಬ ಒಂದು ಶಬ್ದ ಮಾತ್ರ ಸಲೀಸಾಗಿ ಬರುತ್ತಿತ್ತು. ಹಾಗಾಗಿ ನಾವಿಬ್ಬರೂ ಸಂಜೆ ಮಾತಿಲ್ಲದೆ ಟಿವಿಯ ಮುಂದೆ ಕೂರುತ್ತಿದ್ದೆವು. ಅದರಲ್ಲಿ ಒಂದು ಕಾರ್ಟೂನು. ಕಣ್ಣು ದೋಸೆ ಸೌಟಿನಷ್ಟು, ಕೂದಲು ನೀಲಿ, ಮಾತು ಅಚ್ಚ ಅರಬಿ, ಹೀಗೊಂದು ಹುಡುಗಿ. ಬೇಜಾರಾದಾಗೆಲ್ಲ ಅವಳು ಕೆಂಪು ಬಿಳಿ ಪಟ್ಟೆಯ ನೀರಿನ ಟ್ಯಾಂಕಿನ ಕೆಳಗೆ ಕೂತು ಅಳುತ್ತಾಳೆ. ಮೊನ್ನೆ ಆ ಟ್ಯಾಂಕು ಕಂಡದ್ದೇ ನಾನು, "ಇದು ನಾನು ಬಣ್ಣ ಹೊಡೆದದ್ದು" ಎಂದುಬಿಟ್ಟೆ. ಸುಳ್ಳಲ್ಲ. ಇಪ್ಪತ್ತು ವರ್ಷದ ಹಿಂದೆ ನಾನು ಇದೇ ದೋಹಾದಲ್ಲಿ ಪೇಂಟರ್ ಆಗಿದ್ದೆ, ಓಲ್ಡ್ ಏರ್‌ಪೋರ್ಟಿನ ಕಡೆ ಥೇಟ್ ಅಂಥದ್ದೇ ಟ್ಯಾಂಕಿತ್ತು. ಕಾರ್ಟೂನಿನಲ್ಲಿ ನಾಯಿಯನ್ನೂ ಸೇರಿಸಿ ಎಲ್ಲರೂ ಅರಬಿ ಮಾತಾಡುತ್ತಾರೆ. ಅಂದ ಮೇಲೆ ಊರು ಇದೇ ಅಲ್ಲದೆ ಇನ್ಯಾವುದು?

ಶ್ರೇಯಾ ಮೊದಲ ಸಲ ನನ್ನ ಮುಖ ನೋಡಿದಳು. "ತೋರಿಸು" ಎಂದಳು.

ಇವತ್ತು ಶುಕ್ರವಾರ, ಸಂಜೆ ಅವಳ ಕೈ ಹಿಡಿದು ಟ್ಯಾಕ್ಸಿ ಹತ್ತಿಸಿದೆ. "ಓಲ್ಡ್ ಏರ್‌ಪೋರ್ಟ್, ಟಾಂಕಿ" ಎಂದೆ. ಪಠಾಣ ಡ್ರೈವರ್ ಮರುಪ್ರಶ್ನೆ ಹಾಕದೆ ಗಾಡಿ ಬಿಟ್ಟಾಗ ನನ್ನ ಎದೆ ಒಂದು ಗೇಣು ಅಗಲವಾಯಿತು. ಇಳಿದು ನೋಡಿದರೆ ಟ್ಯಾಂಕೇ ಇಲ್ಲ. ಬರೀ ಮೈದಾನ, ಅದರಲ್ಲಿ ನಿಲ್ಲಿಸಿದ ಪಿಕಪ್‌ಗಳು. "ಟಾಂಕಿ ಎಲ್ಲಿ?" ಎಂದರೆ ಅವನು, "ಇದೇ ಟಾಂಕಿ. ಖಲಾಸ್" ಎಂದು ಹೊರಟೇ ಹೋದ. ಶ್ರೇಯಾ ಆಕಾಶ ನೋಡಿದಳು, ನನ್ನನ್ನು ನೋಡಿದಳು. "ಯು ಆರ್ ಲೈಯಿಂಗ್, ಅಂಕಲ್" ಎಂದಳು. ಬಾಯಿ ಆಗಲೇ ಅಳುವುದಕ್ಕೆ ತಯಾರಾಗುತ್ತಿತ್ತು; ನನ್ನದೂ.

ಜ್ಯೂಸ್ ಕೊಡಿಸಿ ಮರೆಸೋಣವೆಂದು ಎದುರಿನ ಅಂಗಡಿಗೆ ಹೋದೆ. ಅಂಗಡಿಯವರು ಬಂಟ್ವಾಳದ ಕಡೆಯ ಬ್ಯಾರಿ. ಫೋನಿನಲ್ಲಿ ಯಾರಿಗೋ ಹಿಂದಿಯಲ್ಲಿ ಬೈಯುತ್ತಿದ್ದರು: "ಟಾಂಕಿ ಗೊತ್ತುಂಟಲ್ಲ? ಟಾಂಕಿಯಿಂದ ಲೆಫ್ಟಿಗೆ ಬಾ, ಎದುರೇ ನಾನು."

ಹಿಂದಿ ಬಲ್ಲ ಶ್ರೇಯಾಳ ಕಿವಿ ನೆಟ್ಟಗಾಯಿತು. "ಅಂಕಲ್, ಟ್ಯಾಂಕ್ ಎಲ್ಲಿ?" ಎಂದು ಅಂಗಡಿಯವರನ್ನು ಕೇಳಿದಳು.

ಬ್ಯಾರಿ ಖಾಲಿ ಆಕಾಶಕ್ಕೆ ಬೆರಳು ತೋರಿಸಿದರು. "ಅಲ್ಲೇ ಇತ್ತಲ್ಲ ಮಗಾ, ಕೆಂಪು ಬಿಳಿ ಪಟ್ಟೆದು. ಕೆಡವಿ ನಾಲ್ಕು ವರ್ಷ ಆಯ್ತು. ಅವರು ಕೆಡವುವಾಗ ನಮ್ಮನ್ನು ಕೇಳ್ಲಿಲ್ಲ, ನಾವೂ ಅವರನ್ನು ಕೇಳದೆ ಅದನ್ನು ಅಲ್ಲೇ ಇಟ್ಟುಕೊಂಡಿದ್ದೇವೆ. ಇಲ್ಲದಿದ್ರೆ ಅಂಗಡಿ ಎಲ್ಲಿ ಅಂತ ಹೇಳುದು? ಈ ಊರಲ್ಲಿ ಮನೆ ನಂಬರ್ ಯಾರಿಗೆ ಗೊತ್ತುಂಟು ಮಾರಾಯ್ರೆ?"

"ಅದಕ್ಕೆ ಬಣ್ಣ ಹೊಡೆದದ್ದು ನಾನೇ" ಎಂದೆ ನಾನು.

"ಹೌದಾ? ಎರಡೇ ವರ್ಷದಲ್ಲಿ ಉದುರಿತ್ತು" ಎಂದರು ಬ್ಯಾರಿ.

ಆ ಮಾತು ಶ್ರೇಯಾಳ ಕಿವಿಗೆ ಬೀಳಲಿಲ್ಲ, ದೇವರು ದೊಡ್ಡವನು. ಅವಳು ನನ್ನ ಅಂಗಿ ಜಗ್ಗಿ, "ಅಜ್ಜ, ನೀನು ಅಷ್ಟು ಮೇಲೆ ಹತ್ತಿದ್ದಾ?" ಎಂದಳು. ಆಮೇಲೆ ಕಾರ್ಟೂನಿನ ಆ ಹುಡುಗಿ ಕೂರುವ ಜಾಗ ತೋರಿಸು ಎಂದಳು. ಎರಡು ಪಿಕಪ್‌ಗಳ ನಡುವೆ ತೋರಿಸಿದೆ. ಇಬ್ಬರೂ ಕೂತೆವು. ಅವಳಂತೆಯೇ ಅಳಬೇಕು ಎಂದು ಅಪ್ಪಣೆಯಾಯಿತು, ಅತ್ತೆ. ದಾರಿಯಲ್ಲಿ ಹೋಗುತ್ತಿದ್ದ ಅರಬಿ ಹೆಂಗಸೊಬ್ಬಳು ಗಾಬರಿಯಿಂದ ನಿಂತು ವಿಚಾರಿಸಿದಳು. "ಮಾಫಿ ಮುಷ್ಕಿಲ್" ಎಂದು ಮೂಗೊರೆಸಿಕೊಂಡೆ. ನಿಜಕ್ಕೂ ನನಗೆ ಯಾವ ತೊಂದರೆಯೂ ಇರಲಿಲ್ಲ.

ರಾತ್ರಿ ನಾಲ್ವರೂ ಊಟಕ್ಕೆ ಕೂತಾಗ ಮಗ ಕತೆ ಕೇಳಿ ತಟ್ಟೆ ಬಿಟ್ಟು ನಕ್ಕ. "ಅಪ್ಪ, ಅದು ಜಪಾನಿನ ಕಾರ್ಟೂನ್. ಅರಬಿ ಮಾತು ಆಮೇಲೆ ಸೇರಿಸಿದ್ದು."

"ಹಾಗಾದ್ರೆ ಅಜ್ಜ ಜಪಾನಿಗೂ ಹೋಗಿ ಪೇಂಟ್ ಮಾಡಿದ್ದಾರೆ" ಎಂದಳು ಶ್ರೇಯಾ, ಅಪ್ಪನ ದಡ್ಡತನಕ್ಕೆ ಬೇಸರಪಟ್ಟು.

"ಹೌದಾ ಮಾವ? ನಮಗೆ ಹೇಳಲೇ ಇಲ್ಲ" ಎಂದು ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಈಗ ನಿಮಗೆ ಮಾತ್ರ ಹೇಳುತ್ತೇನೆ. ನಾನು ಬಣ್ಣ ಹೊಡೆದದ್ದು ಟ್ಯಾಂಕಿನ ಕಾಲುಗಳಿಗೆ ಮಾತ್ರ, ಅದೂ ಏಣಿಯ ಎಂಟನೇ ಮೆಟ್ಟಿಲಿನವರೆಗೆ. ಅದಕ್ಕಿಂತ ಮೇಲೆ ನನಗೆ ತಲೆ ತಿರುಗುತ್ತಿತ್ತು. ಪಟ್ಟೆಯೆಲ್ಲ ಒಬ್ಬ ಪಂಜಾಬಿಯ ಕೈಚಳಕ. ಅದನ್ನು ಒಪ್ಪಿಕೊಳ್ಳಲೆಂದು ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಶ್ರೇಯಾ ತನ್ನ ತಟ್ಟೆಯ ಬಂಗುಡೆ ತುಂಡನ್ನು ತೆಗೆದು ನನ್ನ ಬಾಯಿಗೇ ಇಟ್ಟಳು. ಬಾಯಲ್ಲಿ ಮೀನಿಟ್ಟುಕೊಂಡು ಸತ್ಯ ಹೇಳಹೊರಟರೆ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಎಲ್ಲರ ಜೊತೆ ಸುಮ್ಮನೆ ಊಟ ಮಾಡಿದೆ, ಎರಡನೇ ಸಲ ಅನ್ನವನ್ನೂ ಹಾಕಿಸಿಕೊಂಡೆ.