ಪಂಪ್‌ಹೌಸಿಗೆ ಜಾಗ ತೋರಿಸಿದ ಜೊಳ್ಳು

ಅನ್ಯಾಯ ಕಂಡ ಕೂಡಲೇ ಅರ್ಜಿ ಬರೆಯುವುದು ನನಗೆ ಅಂಟಿಕೊಂಡ ಚಟ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ, ತಿದ್ದಲು ಉತ್ತರಪತ್ರಿಕೆಗಳಿಲ್ಲದೆ ಊರನ್ನೇ ತಿದ್ದತೊಡಗಿದೆ. ಮುತ್ತತ್ತಿಗೆ ಹೋದಾಗಲೂ ಹೊಳೆದಡದ ಪ್ಲಾಸ್ಟಿಕ್ ತಟ್ಟೆಗಳ ವಿರುದ್ಧ ಊಟಕ್ಕೆ ಮೊದಲೇ ಮನವಿ ಬರೆಯಲು ಕುಳಿತೆ. ಮುಗಿಸುವಷ್ಟರಲ್ಲಿ ನನ್ನ ಪಾಲಿನ ಚಿತ್ರಾನ್ನವನ್ನು ಕೋತಿ ತಿಂದಿತ್ತು. ಅದರ ಬಗ್ಗೆ ಯಾರಿಗೆ ಬರೆಯಬೇಕೆಂದು ಇಂದಿಗೂ ತಿಳಿದಿಲ್ಲ.

ಹೀಗಿರುವಾಗ, ಮಂಡ್ಯದ ನಮ್ಮ ಭಾಗದ ಹಳೆಯ ಒಳಚರಂಡಿ ಪಂಪ್‌ಹೌಸಿನ ಬದಲು ಬೇರೆಡೆ ಹೊಸದನ್ನು ಕಟ್ಟುವ ಸುದ್ದಿ ಬಂತು. ಹಳೆಯದು ಒಂದು ಬಡ ಕಾಲೋನಿಯ ನಡುವೆ ನಿಂತಿದೆ. ಅಲ್ಲಿಯವರು ಎದುರು ಮಾತನಾಡಲಾರರು ಎಂಬುದೊಂದೇ ಆ ಜಾಗಕ್ಕಿದ್ದ ಅರ್ಹತೆ. ಮಳೆ ಬಂದು ಕರೆಂಟು ಹೋದರೆ ಪಂಪ್ ನಿಂತು, ಅದರ ಕೆಳಗಿನ ಬಾವಿ ತುಂಬಿ, ಊರಿನ ಕೊಳಚೆಯೆಲ್ಲ ಅವರ ಅಡುಗೆಮನೆಗೆ ನುಗ್ಗುತ್ತದೆ. ಪಂಪ್ ನೋಡಿಕೊಳ್ಳುವ ಸಿದ್ದಯ್ಯನವರ ಮನೆಯೂ ಅಲ್ಲೇ.

ಹೊಸದಕ್ಕೆ ಸೂಚಿಸಿದ ಮೊದಲ ಜಾಗ ಮತ್ತೊಂದು ಬಡ ಕೇರಿ. ಇದು ಅಸಮಾನತೆ ಎಂದು ಬರೆದೆ. ಎರಡನೆಯದು ಭತ್ತದ ಗದ್ದೆ. ರೈತನಿಗೆ ದ್ರೋಹ ಎಂದು ಬರೆದೆ. ಮೂರನೆಯದು ಶಾಲೆಯ ಬೆನ್ನಿಗೆ. ಮಕ್ಕಳ ಹಕ್ಕಿನ ಉಲ್ಲಂಘನೆ ಎಂದು ಬರೆದೆ. ಮೂರನ್ನೂ ಕೈಬಿಟ್ಟರು. ನಾನು ಗೆದ್ದ ಸಂಭ್ರಮದಲ್ಲಿರುವಾಗ ಇನ್ನೊಂದು ಮಳೆಗಾಲ ಬಂದು, ಕಾಲೋನಿಯ ಅಡುಗೆಮನೆಗಳು ಮತ್ತೆ ಮುಳುಗಿದವು.

ಮಾರನೆಯ ಬೆಳಿಗ್ಗೆ ಸಿದ್ದಯ್ಯ ನಮ್ಮ ಗೇಟಿನ ಬಳಿ ಬಂದು ನಿಂತರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

“ಮೇಡಮ್ಮೋರೆ, ನೀವ್ ಬರ್ದುದ್ದೆಲ್ಲ ದಿಟವೇಯ. ಆದ್ರೆ ನೀರ್ಗೆ ಅರ್ಜಿ ಓದಕ್ ಬರಕಿಲ್ಲ ಕಣವ್ವ. ಅದು ತಗ್ಗು ನೋಡ್ಕಂಡು ಓಯ್ತದೆ. ಬನ್ನಿ, ಎಲ್ಲಿಗ್ ಓಯ್ತದೆ ತೋರುಸ್ತೀನಿ.”

ಅವರ ತಂದೆ ಕೆರಗೋಡಿನ ಕಡೆ ನೀರುಗಂಟಿಯಾಗಿದ್ದವರಂತೆ. ಕೆರೆಯ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಬಿಡುವ ಕೆಲಸ. ನೆಲದ ಇಳಿಜಾರು ಕಣ್ಣಿಗೆ ತಿಳಿಯದ ಕಡೆ ಹರಿಯುವ ನೀರಿಗೆ ಒಂದು ಹಿಡಿ ಭತ್ತದ ಜೊಳ್ಳು ಎಸೆದು, ಅದರ ಹಿಂದೆ ನಡೆಯುತ್ತಿದ್ದರಂತೆ. ಸಿದ್ದಯ್ಯ ನನ್ನನ್ನು ಕಾಲೋನಿಯ ಬಳಿಗೆ ಕರೆದೊಯ್ದು, ಟವೆಲಿನ ಗಂಟಿನಿಂದ ಜೊಳ್ಳು ತೆಗೆದು ರಸ್ತೆಬದಿಯ ಮಳೆನೀರಿಗೆ ಎರಚಿದರು. ಅದರ ಹಿಂದೆ ಅವರು, ಅವರ ಹಿಂದೆ ಸೀರೆ ಎತ್ತಿಕೊಂಡು ನಾನು. ಟೀ ಅಂಗಡಿಯವನು ಸುಮ್ಮನಿರಲಿಲ್ಲ.

“ಏನ್ಲಾ ಸಿದ್ದ, ಮೇಡಮ್ಮೋರ್ನೂ ಕೆಲ್ಸಕ್ ಸೇರುಸ್ಕಂಡ್ಯಾ?”

“ಊಂ ಕಣ್ಲಾ. ಇನ್ನೂ ಕಾಯಂ ಆಗಿಲ್ಲ.”

ನಾನು ಉಳಿಸಿದ ಮೂರು ಜಾಗಗಳ ಕಡೆಗೆ ಜೊಳ್ಳು ತಿರುಗಿಯೂ ನೋಡಲಿಲ್ಲ. ಎರಡು ತಿರುವು ದಾಟಿ, ನಮ್ಮದೇ ಬಡಾವಣೆಗೆ ಬಂದು, ನಮ್ಮ ಮನೆಯೆದುರಿನ ಪಾರ್ಕಿನ ಮೂಲೆಯಲ್ಲಿ ಗುಂಪುಗೂಡಿ ನಿಂತಿತು. ಅದಕ್ಕಿಂತ ತಗ್ಗಿನಲ್ಲಿ ಯಾರ ಅಡುಗೆಮನೆಯೂ ಇರಲಿಲ್ಲ. ಮುಂದೆ ಎಂಜಿನಿಯರು ಅಳತೆಯ ಯಂತ್ರ ತಂದು ಅದೇ ಮೂಲೆಗೆ ಗೂಟ ಹೊಡೆದರು. ಯಂತ್ರಕ್ಕೆ ಒಂದು ವಾರ ಹಿಡಿಯಿತು, ಜೊಳ್ಳಿಗೆ ಕಾಲು ಗಂಟೆ. ಯಾವ ಪದವಿಯೂ ಇಲ್ಲದ ಈ ಮನುಷ್ಯನನ್ನು ಜಾಗ ಹುಡುಕುವಾಗ ಒಬ್ಬರೂ ಕೇಳಿರಲಿಲ್ಲ. ಕೇಳದವರಲ್ಲಿ ನಾನೂ ಸೇರಿದ್ದೆ; ಇದನ್ನೂ ಅನ್ಯಾಯಗಳ ಪಟ್ಟಿಗೆ ಸೇರಿಸತಕ್ಕದ್ದು.

ಗೂಟ ಹೊಡೆದ ಸಂಜೆಯೇ ಬಡಾವಣೆಯವರು ನಮ್ಮ ಮನೆಗೆ ಬಂದರು. ಆಕ್ಷೇಪಣೆ ಬರೆಯಲು ನಿಮ್ಮಷ್ಟು ಸಮರ್ಥರು ಬೇರಾರಿದ್ದಾರೆ ಎಂದರು. ಹಸಿರು, ವೃದ್ಧರ ವಾಯುವಿಹಾರ, ಹಕ್ಕಿಗಳು: ವಾದಗಳು ಒಂದರ ಹಿಂದೊಂದು ತಾವಾಗಿಯೇ ಬಂದವು. ಇಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಸಾರ್ವಜನಿಕರ ಸಭೆಯಲ್ಲಿ ಸಿದ್ದಯ್ಯನವರ ಹೆಂಡತಿ ಕೆಂಪಮ್ಮ ಸರಿದು, ಬೆಂಚಿನಲ್ಲಿ ನನಗೆ ಜಾಗ ಮಾಡಿಕೊಟ್ಟರು. ನನ್ನ ಹೆಸರು ಕರೆಯುವ ಮೊದಲು ಮೆಲ್ಲಗೆ ಕೇಳಿದರು:

“ಮುಂದಿನ್ ಮಳೆಗಾದ್ರೂ ರಾಗಿ ಡಬ್ಬ ನೆಲದ್ ಮ್ಯಾಲೆ ಮಡಗ್ಬೋದಾ ಮೇಡಮ್ಮೋರೆ?”

ನಾನು ಎದ್ದುನಿಂತು, ಪಾರ್ಕಿನ ಮೂಲೆಗೆ ಒಪ್ಪಿಗೆ ಸೂಚಿಸುವ ಪತ್ರವನ್ನು ಓದಿದೆ. ಕಾಲೋನಿಯವರು ಚಪ್ಪಾಳೆ ತಟ್ಟಿದರು. ನನ್ನ ನೆರೆಯವರು ನೆಲ ನೋಡಿದರು. ಈಗ ಪಾರ್ಕಿನಲ್ಲಿ ಗುಂಡಿ ತೋಡುತ್ತಿದ್ದಾರೆ. ತ್ಯಾಗಜೀವಿ ಎಂದು ಕೆಲವರು ನನ್ನನ್ನು ಹೊಗಳುವುದರಿಂದ ಒಂದು ವಿಷಯವನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಅಂದು ನನ್ನ ಚೀಲದಲ್ಲಿ ಎರಡು ಪತ್ರಗಳಿದ್ದವು. ಭಾಷೆಯ ದೃಷ್ಟಿಯಿಂದ ನೋಡಿದರೆ, ಓದದೆ ಉಳಿದದ್ದೇ ಹೆಚ್ಚು ಚೆನ್ನಾಗಿತ್ತು.