ಶಿವಯೋಗೆಪ್ಪನ ಸೊನ್ನೆ

ಮುರಗೆಪ್ಪನ ಸಂಕಟಕ್ಕೆಲ್ಲ ಕಾರಣ ಒಂದು ಸೊನ್ನೆ.

ರಬಕವಿಯ ನೇಕಾರರ ಸಂಘದಲ್ಲಿ ಅವನು ಕಾರಕೂನ. ಆ ಸಂಜೆ ತಿಂಗಳ ಉತ್ತಮ ನೇಕಾರರಿಗೆ ಸಂಘ ಶಾಲು ಹೊದಿಸುವುದಿತ್ತು. ಒಪ್ಪಿಸಿದ ಸೀರೆಗಳನ್ನು ಮಗ್ಗ ನಡೆದ ದಿನಗಳಿಂದ ಭಾಗಿಸಬೇಕು. ಯಾರ ಸರಾಸರಿ ಹೆಚ್ಚೋ ಅವರಿಗೆ ಶಾಲು. ಅವನ ಹೆಂಡತಿ ಶೈಲಾ ಇಪ್ಪತ್ತಾರು ದಿನಕ್ಕೆ ಐವತ್ತೆರಡು ಸೀರೆ ನೇಯ್ದಿದ್ದಳು. "ಶಾಲು ನಿಂದ ಅಂತ ತಿಳಕೋ" ಎಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ ಹೇಳಿ ಬಂದಿದ್ದ. ಅವಳು ಮಹಾಲಿಂಗಪುರದ ತವರಿಗೆ ಫೋನೂ ಮಾಡಿಯಾಗಿತ್ತು.

ಕಂಪ್ಯೂಟರ್ ಮಾತ್ರ ಹಟಮಾರಿ ಎಮ್ಮೆಯಂತೆ ನಿಂತುಬಿಟ್ಟಿತ್ತು. ಮೊದಲನೆಯವರ ಹೆಸರು ಬರಬೇಕಾದ ಜಾಗದಲ್ಲಿ ಎಷ್ಟು ಸಲ ಒತ್ತಿದರೂ 'ತಪ್ಪು' ಎಂದೇ ಬರುತ್ತಿತ್ತು. ಹುಡುಕಿದರೆ ತೊಡಕಿನ ಮೂಲ ಮುದಿ ನೇಕಾರ ಶಿವಯೋಗೆಪ್ಪನ ಸಾಲಿನಲ್ಲಿತ್ತು: ಸೀರೆ ಒಂಬತ್ತು, ದಿನ ಸೊನ್ನೆ. ಹೆಂಡತಿ ಶಂಕ್ರೆವ್ವ ಶಿವನ ಪಾದ ಸೇರಿದಂದಿನಿಂದ ಮುದುಕ ಮಗ್ಗ ಮುಟ್ಟಿರಲಿಲ್ಲ. ಅವಳು ನೇಯ್ದಿಟ್ಟುಹೋದ ಸೀರೆಗಳನ್ನು ಈ ತಿಂಗಳು ತಂದೊಪ್ಪಿಸಿದ್ದ. ಒಂಬತ್ತನ್ನು ಸೊನ್ನೆಯಿಂದ ಭಾಗಿಸೆಂದರೆ ಯಂತ್ರವಾದರೂ ಏನು ಮಾಡೀತು?

ನೂಲು ತೂಗುವ ಮಲಕಾಜಪ್ಪ ಆ ಸಾಲನ್ನೇ ಅಳಿಸೆಂದ. ಅಧ್ಯಕ್ಷೆ ರತ್ನಾಬಾಯಿ ಸಿಟ್ಟಾದರು: ಸಾವಾದ ಮನೆಯ ಹೆಸರು ಪಟ್ಟಿಯಿಂದ ತೆಗೆಯುವುದೇ? ಹಾಗಾದರೆ ಸರಾಸರಿಯ ಜಾಗ ಖಾಲಿ ಬಿಡುತ್ತೇನೆಂದು ಮುರಗೆಪ್ಪ ಗೋಗರೆದ. ರತ್ನಾಬಾಯಿಗೆ ಅದೂ ಅಪಶಕುನವಾಯಿತು.

"ಮುಯ್ಯಿ ಮಾಡುವಾಗ ನೂರರ ಮ್ಯಾಲ ಒಂದು ಇಡ್ತೀವಿಲ್ಲೋ? ಹಂಗ ಸೊನ್ನಿ ತಗದು ಒಂದು ಇಡು. ಒಂದು ಅಂದ್ರ ಶುಭ. ಗಂಟಿ ನಾಕಾತು, ಲಗೂ ಮಾಡು."

ಒಂದು ಇಟ್ಟ. 'ತಪ್ಪು' ಮಾಯವಾಯಿತು. ಪ್ರಿಂಟರ್ ಕಾಗದ ಉಗುಳುವುದೇ ತಡ, ಅವನು ನೋಡುವ ಮೊದಲೇ ರತ್ನಾಬಾಯಿ ಅದನ್ನು ಎಳೆದುಕೊಂಡು ಸಭೆಗೆ ನಡೆದರು.

ಮುಂದಿನ ಸಾಲಿನಲ್ಲಿ ಶೈಲಾ ಸೆರಗು ಸರಿಪಡಿಸಿಕೊಂಡು ಅರ್ಧ ಎದ್ದೇ ಕುಳಿತಿದ್ದಳು. ರತ್ನಾಬಾಯಿ ಓದಿದರು: ದಿನಕ್ಕೆ ಒಂಬತ್ತು ಸೀರೆ, ಶಿವಯೋಗೆಪ್ಪ. ಏನು ಓದಿದೆನೆಂದು ಅವರಿಗೆ ತಿಳಿಯುವಷ್ಟರಲ್ಲಿ ಮಲಕಾಜಪ್ಪ ಶಾಲು ಹೊದಿಸಿಯಾಗಿತ್ತು.

ಮುದುಕ ತಬ್ಬಿಬ್ಬಾದ. "ಈ ತಿಂಗಳ ನಮ್ಮ ಮಗ್ಗ ನಡದೇ ಇಲ್ರಿ. ಇದೆಲ್ಲಾ ಆಕಿ ಕೈಯ ಕೆಲಸ. ಶಾಲು ಆಕೀದು ಅಂತ ಒಯ್ತೇನಿ."

ಸಭೆಯೆಲ್ಲ ಕಣ್ಣೊರೆಸಿಕೊಂಡಿತು, ಶೈಲಾ ಕೂಡ. ಮುರಗೆಪ್ಪ ಬದುಕಿದೆನೆಂದುಕೊಂಡ.

ಮನೆಯಲ್ಲಿ ಅವಳು ಬಿಸಿ ರೊಟ್ಟಿಯನ್ನೇ ಬಡಿಸಿದಳು. "ಶಂಕ್ರೆವ್ವಗ ಸಿಕ್ಕಿದ್ದು ಛಲೋ ಆತ್ರಿ," ಎಂದು ಇನ್ನೊಂದು ರೊಟ್ಟಿ ಹಾಕಿದಳು. "ಆದ್ರ ಮಗ್ಗ ಬಂದ್ ಇಟ್ಟವ್ರಿಗೇ ಮೊದಲನೇ ನಂಬರ ಅಂದ್ರ ನಾ ಯಾಕ ಒದ್ದಾಡ್ಲಿ? ಹತ್ತು ಸೀರಿ ಟ್ರಂಕಿನ್ಯಾಗ ಅದಾವ. ನಾಳಿಂದ ನಂದೂ ಬಂದ್."

ಬೆಳಿಗ್ಗೆ ಮಗ್ಗದ ಸದ್ದಿಗೇ ಅವನಿಗೆ ಎಚ್ಚರವಾಯಿತು. ಸಿಟ್ಟು ಇಳಿಯಿತೆಂದು ಹಿಗ್ಗಿ ಹೊರಬಂದರೆ ಶೈಲಾ ಕಟ್ಟೆಯ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದಳು. ಸಂಘದ ಬಾಗಿಲಲ್ಲಿ ನಲವತ್ತು ನೇಕಾರರು ಹಳೆಯ ಸೀರೆಗಳ ಗಂಟು ಹಿಡಿದು ಸಾಲಾಗಿ ನಿಂತಿದ್ದರು.

"ಕಾರಕೂನರ, ನಮ್ಮದೂ ದಿನ ಸೊನ್ನಿ ಅಂತ ಬರ್ಕೋರಿ" ಎಂದ ಮೊದಲನೆಯವನು.

ಇಡೀ ಓಣಿಯಲ್ಲಿ ನಡೆಯುತ್ತಿದ್ದುದು ಒಂದೇ ಮಗ್ಗ. ಶಾಲನ್ನು ಶಂಕ್ರೆವ್ವನ ಫೋಟೋಕ್ಕೆ ಹೊದಿಸಿ, ತಿಂಗಳಿಂದ ನಿಂತಿದ್ದ ಮಗ್ಗಕ್ಕೆ ಶಿವಯೋಗೆಪ್ಪ ಮತ್ತೆ ಕುಳಿತಿದ್ದ.